ಗಂಡನ ರಿಪೋರ್ಟು ಎಲ್ಲಿ?

ಮಕ್ಕಳಾಗಿಲ್ಲ ಅಂತ ಡಾಕ್ಟ್ರ ಹತ್ತಿರ ಓಡಾಡುವ ದಂಪತಿಗಳ ಕೈಲಿ ಒಂದು ಫೈಲು ಇರುತ್ತದೆ. ಮಳೆ ತಾಗದಿರಲಿ ಅಂತ ಅದಕ್ಕೊಂದು ಪ್ಲಾಸ್ಟಿಕ್ ಕೊಟ್ಟೆ. ಫೈಲಿನ ಮೇಲೆ ಹೆಸರು ಹೆಂಡತಿಯದ್ದು. ಒಳಗಿನ ಕಾಗದಗಳೂ ಅವಳವೇ. ಥೈರಾಯ್ಡು, ಪ್ರೊಲ್ಯಾಕ್ಟಿನ್ನು, ತಿಂಗಳು ತಿಂಗಳೂ ಮಾಡಿಸಿದ ಸ್ಕ್ಯಾನಿಂಗು, ಗರ್ಭಕೋಶಕ್ಕೆ ಔಷಧಿ ಬಿಟ್ಟು ತೆಗೆದ ಎಕ್ಸ್‌ರೇ, ಹೊಕ್ಕುಳ ಹತ್ತಿರ ತೂತು ಮಾಡಿ ನೋಡಿದ ಲ್ಯಾಪ್ರೋಸ್ಕೋಪಿಯ ವರದಿ... ಮೂರು ವರ್ಷದ್ದು, ಐದು ವರ್ಷದ್ದು. ಇಡೀ ಫೈಲು ಮಗುಚಿ ಹಾಕಿದರೂ ಗಂಡನ ಹೆಸರಿನ ಒಂದು ಚೀಟಿ ಸಿಗುವುದಿಲ್ಲ.

ನಾನು ಶಿರಸಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ, ಮೂತ್ರ, ಕಫ ಅಂತ ದಿನಾ ಹತ್ತಾರು ಸೀಸೆಗಳ ಮಧ್ಯೆ ಕೂತಿರುವವನು. ಈ ಬ್ಲಾಗಿನಲ್ಲಿ ಇಷ್ಟು ದಿನ ಮಳೆ, ಅಪ್ಪೆಮಿಡಿ, ಯಕ್ಷಗಾನ ಅಂತೆಲ್ಲ ಬರೆದುಕೊಂಡು ಹಾಯಾಗಿದ್ದೆ. ಇವತ್ತು ವೀರ್ಯಪರೀಕ್ಷೆಯ ಬಗ್ಗೆ ಬರೆಯುತ್ತಿದ್ದೇನೆ. ಮುಜುಗರ ಆಗುವವರು ಇಲ್ಲೇ ಪುಟ ಮುಚ್ಚಬಹುದು. ಆದರೆ ಮುಚ್ಚಬೇಕು ಅನ್ನಿಸಿದವರೇ ಇದನ್ನು ಮೊದಲು ಓದಬೇಕಾದವರು :) ಹಾಂ, ಇಲ್ಲಿ ಬರುವ ಜನರ ಊರು, ವಯಸ್ಸು, ಗುರುತು ಎಲ್ಲ ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.

ನನ್ನ ವಾದ ಇಷ್ಟೇ. ಮಕ್ಕಳಾಗಿಲ್ಲ ಅಂತ ಒಂದು ಜೋಡಿ ಬಂದರೆ, ಗಂಡನ ವೀರ್ಯಪರೀಕ್ಷೆ ಆಗುವ ತನಕ ಹೆಂಡತಿಯ ಮೈಗೆ ಯಾರೂ ಸೂಜಿಗಿಂತ ದೊಡ್ಡದನ್ನು ತಾಗಿಸಕೂಡದು. ಡಾಕ್ಟ್ರೂ ತಾಗಿಸಕೂಡದು, ಮನೆಯವರೂ ಒತ್ತಾಯಿಸಕೂಡದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈಗ ನಡೆಯುತ್ತಿರುವುದು ಇದರ ಪೂರ್ತಿ ಉಲ್ಟಾ.

ಯಾಕೆ ಅಂತ ಲೆಕ್ಕ ಕೊಡುತ್ತೇನೆ. ಒಂದು ವರ್ಷ ಯಾವ ಗರ್ಭನಿರೋಧಕವೂ ಇಲ್ಲದೆ ಸಂಸಾರ ಮಾಡಿಯೂ ಬಸಿರಾಗದಿದ್ದರೆ ತಪಾಸಣೆಗೆ ಹೋಗಬೇಕು ಅಂತ ವೈದ್ಯರು ಹೇಳುತ್ತಾರೆ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ಇಂಥ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಸುಮಾರು ಐದರಲ್ಲೊಂದು ಜೋಡಿಯಲ್ಲಿ ತೊಂದರೆ ಗಂಡಸಿನ ಕಡೆ ಮಾತ್ರ, ಹೆಂಡತಿಗೆ ಏನೂ ಇರುವುದಿಲ್ಲ. ಅಂದರೆ ಗಂಡನನ್ನು ಬಿಟ್ಟು ಹೆಂಡತಿಯನ್ನಷ್ಟೇ ಪರೀಕ್ಷೆ ಮಾಡುವುದು ಅಂದರೆ, ಕಳೆದ ದನವನ್ನು ಊರಿನ ಮೇಲಿನ ಕೇರಿಯಲ್ಲಿ ಮಾತ್ರ ಹುಡುಕಿದ ಹಾಗೆ. ಕೆಳಗಿನ ಕೇರಿಗೆ ಹೋಗಲು ಮರ್ಯಾದೆ ಅಡ್ಡ.

ಅದೂ ಎಂಥ ಪರೀಕ್ಷೆ? ಹೆಂಗಸಿನ ಪರೀಕ್ಷೆಗಳಿಗೆ ಹೋಲಿಸಿದರೆ ಗಂಡಸಿನ ಈ ಪರೀಕ್ಷೆ ಏನೂ ಅಲ್ಲ. ಸೂಜಿಯಿಲ್ಲ, ನೋವಿಲ್ಲ, ಅರಿವಳಿಕೆ ಇಲ್ಲ, ಉಪವಾಸ ಇಲ್ಲ. ಕೆಲವೇ ನೂರು ರೂಪಾಯಿ, ಅರ್ಧ ದಿನ. ಇರುವುದರಲ್ಲೇ ಅತಿ ಸುಲಭದ, ಅತಿ ಅಗ್ಗದ ಪರೀಕ್ಷೆ ಮೊದಲು ಆಗಬೇಕಲ್ಲವೇ? ಅದು ಕಟ್ಟಕಡೆಗೆ ಆಗುತ್ತದೆ, ಆದರೆ!

ಒಮ್ಮೆ ಒಬ್ಬರು ಬಂದಿದ್ದರು. ಮದುವೆಯಾಗಿ ಏಳು ವರ್ಷ. ಹೆಂಡತಿಗೆ ಎರಡು ಸಲ ಲ್ಯಾಪ್ರೋಸ್ಕೋಪಿ ಆಗಿತ್ತು. ಗಂಡನ ಪರೀಕ್ಷೆ ಅದೇ ಮೊದಲು. ನೋಡಿದರೆ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲ. ಮತ್ತೊಮ್ಮೆ ತರಿಸಿ ಮಷಿನ್ನಿಗೆ ಹಾಕಿ ತಿರುಗಿಸಿ, ತಳದಲ್ಲಿ ಕೂತಿದ್ದನ್ನೂ ನೋಡಿದೆ, ಇಲ್ಲ. ಆಮೇಲೆ ಹುಬ್ಬಳ್ಳಿಯ ಡಾಕ್ಟ್ರು ವಿಚಾರಿಸಿದಾಗ ಗೊತ್ತಾಗಿದ್ದು, ಚಿಕ್ಕವನಿದ್ದಾಗ ಅವನಿಗೆ ಎರಡೂ ಕಡೆ ಹರ್ನಿಯಾ ಆಪರೇಷನ್ ಆಗಿತ್ತಂತೆ. ಅಂಥ ಆಪರೇಷನ್ನಿನಲ್ಲಿ ಕೆಲವೊಮ್ಮೆ ವೀರ್ಯನಾಳಕ್ಕೆ ಪೆಟ್ಟಾಗಿ ದಾರಿ ಕಟ್ಟಿಹೋಗುವುದುಂಟು. ವೀರ್ಯಾಣು ಒಳಗೆ ತಯಾರಾಗುತ್ತಿತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಅವರಿಗೆ ಆಮೇಲೆ ಮಗು ಆಯ್ತಾ ಅಂತ ಕೇಳಬೇಡಿ, ನನ್ನ ತಕರಾರು ಅದಲ್ಲ. ಮೊದಲ ತಿಂಗಳಲ್ಲೇ ಒಂದು ಸೀಸೆ ಹೇಳಬಹುದಾಗಿದ್ದ ಮಾತನ್ನು ಕೇಳಲು ಏಳು ವರ್ಷ ತಗೊಂಡರು. ಆ ಏಳು ವರ್ಷ ಆ ಹೆಂಗಸು ಎಷ್ಟು ಮದುವೆ, ಎಷ್ಟು ಉಪನಯನ, ಎಷ್ಟು ಸೀಮಂತದಲ್ಲಿ "ಇನ್ನೂ ಎಂತೂ ಇಲ್ಲ್ಯನೇ?" ಅನ್ನುವ ಪ್ರಶ್ನೆಗೆ ತಲೆ ತಗ್ಗಿಸಿರಬಹುದು?

ಇನ್ನು ವ್ರತಗಳ ಪಟ್ಟಿ. ಸೋಮವಾರ, ಷಷ್ಠಿ, ಅಶ್ವತ್ಥ ಪ್ರದಕ್ಷಿಣೆ, ಆಶ್ಲೇಷಾ ಬಲಿ, ನಾಗಪ್ರತಿಷ್ಠೆ, ಸಂತಾನ ಗೋಪಾಲ ಜಪ. ಮಾರಿಕಾಂಬೆಗೆ ಹರಕೆ. ನಾನು ದೇವರನ್ನು ಬೈಯುತ್ತಿಲ್ಲ ಸ್ವಾಮಿ, ನಮ್ಮ ಮನೆಯಲ್ಲೂ ಪೂಜೆ ಪುನಸ್ಕಾರ ಎಲ್ಲ ಇದೆ. ಜಾತಕ ತೋರಿಸಲು ಗಂಡ ಹೋಗುತ್ತಾನೆ, ನಾಗರಕಲ್ಲಿಗೆ ಹಾಲೆರೆಯಲು ಹೋಗುತ್ತಾನೆ, ಹೋಮದ ಮುಂದೆ ಮಡಿಯುಟ್ಟು ಮೂರು ತಾಸು ಕೂರುತ್ತಾನೆ. ಹತ್ತು ನಿಮಿಷ ಲ್ಯಾಬಿಗೆ ಬಾ ಅಂದರೆ ಮಾತ್ರ ತೋಟಕ್ಕೆ ಔಷಧಿ ಹೊಡೆಯುವ ಕೆಲಸ ಇರುತ್ತದೆ!

ಮಕ್ಕಳು ಬೇಡ ಅಂದಾಗಲೂ ಇದೇ ಕತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, ದೇಶದಲ್ಲಿ ಮದುವೆಯಾದ ಹೆಂಗಸರ ಪೈಕಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 37.9. ಗಂಡ ಮಾಡಿಸಿಕೊಂಡಿದ್ದು ನೂರಕ್ಕೆ 0.3. ಗಂಡಸರದ್ದು ಚಿಕ್ಕದು, ಹೊಟ್ಟೆ ಕೊಯ್ಯಬೇಕಿಲ್ಲ, ಆದರೂ ಇಷ್ಟು. ಮಕ್ಕಳು ಬೇಡ ಅಂದರೂ ಕತ್ತರಿ ಹೆಂಗಸಿನ ಹೊಟ್ಟೆಗೆ, ಮಕ್ಕಳು ಬೇಕು ಅಂದರೂ ಹೆಂಗಸಿನ ಹೊಟ್ಟೆಗೆ. ಸಂಸಾರ ಮಾತ್ರ ಇಬ್ಬರದ್ದು.

ಒಬ್ಬ ಅತ್ತೆ ನನ್ನ ಕೌಂಟರಿನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದರು, "ತಮಾ, ನಮ್ಮ ಮಾಣಿಗೆ ಎಂತ ತೊಂದ್ರೆಯೂ ಇಲ್ಲೆ. ಗಟ್ಟಿಮುಟ್ಟಾಗಿದ್ದ, ಅಡಿಕೆ ಮರ ಹತ್ತತ್ತ. ಕೂಸಿಗೇ ಸರಿ ಮಾಡಿ ಔಷಧಿ ಕೊಡ್ಲಿ." ಪಾಪ, ಅವರದ್ದು ದುಷ್ಟತನ ಅಲ್ಲ, ನಂಬಿಕೆ. ಇದೇ ನಂಬಿಕೆಯನ್ನು ಬೇರೆ ಬೇರೆ ಮಾತಿನಲ್ಲಿ ಎಲ್ಲ ಜಾತಿಯವರ ಬಾಯಲ್ಲೂ ಕೇಳಿದ್ದೇನೆ. ಗಂಡಸುತನ ಅಂದರೆ ಮರ ಹತ್ತುವುದು, ಮೀಸೆ, ಹಾಸಿಗೆ, ಮಕ್ಕಳು ಎಲ್ಲ ಒಂದೇ ಗಂಟು ಅಂತ. ಅದು ಒಂದು ಗಂಟಲ್ಲ. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದವನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಹಾಸಿಗೆಯಲ್ಲಿ ಕಷ್ಟಪಡುವವನ ವೀರ್ಯ ಸೂಕ್ಷ್ಮದರ್ಶಕದ ಕೆಳಗೆ ಇರುವೆ ಗೂಡಿನಂತೆ ಓಡಾಡುತ್ತಿರಬಹುದು. ಬಣ್ಣ, ದಪ್ಪ, ಪ್ರಮಾಣ ನೋಡಿ ಯಾವ ಗಂಡಸೂ ತನ್ನದು ಸರಿ ಅಂತ ಹೇಳಲಾರ. ಅದನ್ನು ಹೇಳಲು ಸೂಕ್ಷ್ಮದರ್ಶಕವೇ ಬೇಕು.

ಇನ್ನೊಂದು ವಿಷಯ. ನಮ್ಮ ಕಡೆ ತೋಟದ ಮಾಣಿಗಳಿಗೆ ಹೆಣ್ಣು ಸಿಗದ ಕತೆ ನಿಮಗೆಲ್ಲ ಗೊತ್ತಿದ್ದಿದ್ದೇ. ಮದುವೆ ಆಗುವಾಗ ಗಂಡಿಗೆ 38, 40. ಹೆಣ್ಣಿಗೂ 32, 33. ಹೆಂಗಸಿನ ಅಂಡಾಶಯದ ಸಂಗ್ರಹ 35ರ ನಂತರ ಬೇಗ ಬೇಗ ಇಳಿಯುತ್ತದೆ. ಹಾಗಾಗಿ ಗಂಡ "ಮುಂದಿನ ವರ್ಷ ನೋಡ್ವ" ಅಂತ ತಳ್ಳಿದ ಒಂದೊಂದು ವರ್ಷವೂ ಖರ್ಚು ಬೀಳುವುದು ಹೆಂಡತಿಯ ಖಾತೆಗೆ. ಇವನ ಮರ್ಯಾದೆ ಉಳಿಸಲು ಅವಳ ಆಯುಷ್ಯದ ಇಡಿಗಂಟು ಕರಗುತ್ತದೆ.

ಸರಿ, ಪರೀಕ್ಷೆ ಹೇಗೆ ಅಂತಲೂ ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ.

ಎರಡರಿಂದ ಏಳು ದಿನ ಸ್ಖಲನ ಆಗಿರಬಾರದು. ಲ್ಯಾಬ್ ಕೊಡುವ ಅಗಲ ಬಾಯಿಯ ಸ್ವಚ್ಛ ಡಬ್ಬಿಯಲ್ಲಿ ಹಸ್ತಮೈಥುನದಿಂದ ಹಿಡಿಯಬೇಕು. ಮೊದಲು ಬರುವ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅದು ಚೆಲ್ಲಿಹೋದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಚೆಲ್ಲಿದ್ದರೆ ನಾಚದೆ ಹೇಳಬೇಕು. ಅಂಗಡಿಯ ಕಾಂಡೋಮಿನಲ್ಲಿ ಹಿಡಿದು ತರುವಂತಿಲ್ಲ, ಅದರ ರಾಸಾಯನಿಕಕ್ಕೆ ವೀರ್ಯಾಣು ಸಾಯುತ್ತವೆ. ಮನೆಯಲ್ಲಿ ಹಿಡಿದರೆ ಮೈಬಿಸಿಯಲ್ಲಿಟ್ಟುಕೊಂಡು ಒಂದು ತಾಸಿನೊಳಗೆ ಲ್ಯಾಬಿಗೆ ಮುಟ್ಟಿಸಬೇಕು.

ಒಂದು ತಾಸು. ಇಲ್ಲಿ ನಮ್ಮ ಮೂರು ತಾಲೂಕಿನ ಭೂಗೋಳ ಬಂದು ನಿಲ್ಲುತ್ತದೆ ನೋಡಿ. ಸಿದ್ದಾಪುರದಿಂದ ಶಿರಸಿಗೆ ಮೂವತ್ತೇಳು ಕಿಲೋಮೀಟರ್ ಹತ್ತಿರ. ಯಲ್ಲಾಪುರದಿಂದ ಐವತ್ತರ ಹತ್ತಿರ. ಅದೂ ಪೇಟೆಯಿಂದ ಪೇಟೆಗೆ. ಮನೆಯಿರುವುದು ಪೇಟೆಯಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗೆ, ಬಸ್ಸು ದಿನಕ್ಕೆ ಎರಡು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಒಬ್ಬ ಹೆಂಗಸು ಸಿದ್ದಾಪುರದ ಆಚೆಯಿಂದ ಗಂಡನ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಗಂಡ ಬಂದಿರಲಿಲ್ಲ. ಎರಡು ತಾಸು ಆಗಿತ್ತು. ನೋಡಿದರೆ ಚಲನೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಗಂಡನ ತೊಂದರೆಯೋ, ಬಸ್ಸಿನ ತೊಂದರೆಯೋ ನಾನು ಹೇಗೆ ಹೇಳಲಿ? "ತಡವಾಗಿ ತಲುಪಿದ ಮಾದರಿ, ಮತ್ತೆ ಪರೀಕ್ಷಿಸಬೇಕು" ಅಂತ ಬರೆದೆ. ಅವಳು ಕೇಳಿದ್ದು ಒಂದೇ ಮಾತು, "ಅವರನ್ನ ಮತ್ತೊಂದು ಸಲ ಒಪ್ಪಸೂದು ಹೆಂಗೆ?"

ಹಾಗಾದರೆ ಲ್ಯಾಬಿಗೇ ಬಂದು ಕೊಡಲಿ ಅನ್ನುತ್ತೀರಿ. ಎಲ್ಲಿ? ನಾನು ಕೆಲಸ ಕಲಿತ ಒಂದು ಲ್ಯಾಬಿನಲ್ಲಿ (ಹೆಸರು ಬೇಡ) ಇದಕ್ಕೆ ಇದ್ದಿದ್ದು ಎಲ್ಲರೂ ಬಳಸುವ ಶೌಚಾಲಯ. ಚಿಲಕ ಅರ್ಧ ಕೂರುತ್ತಿತ್ತು. ಹೊರಗೆ ಮೂತ್ರದ ಸೀಸೆ ಹಿಡಿದು ನಿಂತ ನಾಲ್ಕು ಜನ ಬಾಗಿಲು ಬಡಿಯುತ್ತಿದ್ದರು. ಎಂಥ ಗಂಡಸಿಗೆ ಅಲ್ಲಿ ಸಾಧ್ಯವಾದೀತು? ಹತ್ತು ನಿಮಿಷ ಬಿಟ್ಟು ಖಾಲಿ ಡಬ್ಬಿ ವಾಪಸ್ ಕೊಟ್ಟು, ಮುಖ ನೋಡದೆ ಹೋದವರನ್ನು ಕಂಡಿದ್ದೇನೆ. ಅವರು ಮತ್ತೆ ಬರುವುದಿಲ್ಲ. ಅವರ ಮನಸ್ಸಿನಲ್ಲಿ "ನನ್ನ ಕೈಲಿ ಆಗೋದಿಲ್ಲ" ಅನ್ನುವ ಹೊಸ ರೋಗವೊಂದನ್ನು ನಾವೇ ನೆಟ್ಟು ಕಳಿಸುತ್ತೇವೆ. ಗಂಡಸರಿಗೆ ಬೈಯುವ ನಾನು ಈ ಒಂದು ವಿಷಯದಲ್ಲಿ ಅವರ ಪರ.

ಇನ್ನು ರಿಪೋರ್ಟು. ಇದನ್ನು ಪಾಸು-ಫೇಲು ಅಂತ ಓದುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ವೀರ್ಯಪರೀಕ್ಷೆಯ ಕೈಪಿಡಿಯನ್ನು 1980ರಿಂದ ಪ್ರಕಟಿಸುತ್ತಿದೆ, ಆರನೆಯ ಆವೃತ್ತಿ ಬಂದಿದ್ದು 2021ರಲ್ಲಿ. ಅದರಲ್ಲಿ ಪ್ರಮಾಣ 1.4 ಎಂಎಲ್, ಒಂದು ಎಂಎಲ್‌ನಲ್ಲಿ 1.6 ಕೋಟಿ ವೀರ್ಯಾಣು, ಒಟ್ಟಾರೆ 3.9 ಕೋಟಿ, ಚಲನೆ ನೂರಕ್ಕೆ 42, ಸರಿಯಾದ ಆಕಾರ ನೂರಕ್ಕೆ 4 ಅಂತ ಕೆಳಮಿತಿಗಳಿವೆ. ಈ ಅಂಕಿ ಎಲ್ಲಿಂದ ಬಂತು ಗೊತ್ತಾ? ಹೆಂಡತಿ ಒಂದು ವರ್ಷದೊಳಗೆ ಬಸಿರಾದ ಗಂಡಸರ ವೀರ್ಯವನ್ನು ಪರೀಕ್ಷಿಸಿ, ಅವರಲ್ಲಿ ಅತಿ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗೆರೆ ಎಳೆದಿದ್ದು. ಅಂದರೆ ಗೆರೆಯ ಕೆಳಗೂ ಅಪ್ಪಂದಿರಿದ್ದಾರೆ! ಗೆರೆಯ ಮೇಲಿದ್ದವರಿಗೆಲ್ಲ ಮಕ್ಕಳು ಗ್ಯಾರಂಟಿ ಅಂತಲೂ ಇಲ್ಲ. "ಆಕಾರ ಸರಿ 4 ಅಂದ್ರೆ 96 ಹಾಳಾಗಿದ್ಯನೋ?" ಅಂತ ಗಾಬರಿಯಾಗಿ ಬಂದವರಿದ್ದಾರೆ. ಇಲ್ಲ ಮಾರಾಯರೆ, ಚೆನ್ನಾಗಿ ಮಕ್ಕಳಾದವರಲ್ಲೂ ಹೆಚ್ಚಿನವು ಅಡ್ಡಾದಿಡ್ಡಿ ಆಕಾರದವೇ.

ಒಂದೇ ರಿಪೋರ್ಟು ನೋಡಿ ತೀರ್ಪು ಕೊಡುವಂತೆಯೂ ಇಲ್ಲ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಹೋದ ತಿಂಗಳು ಜೋರು ಜ್ವರ ಬಂದಿದ್ದರೆ ಈ ತಿಂಗಳ ಲೆಕ್ಕ ಕುಸಿದಿರುತ್ತದೆ. ಅದಕ್ಕೇ ಕಡಿಮೆ ಬಂದರೆ ಮತ್ತೆ ಪರೀಕ್ಷೆ ಮಾಡುತ್ತಾರೆ.

ಕಡಿಮೆ ಬಂದರೆ ಮುಂದೇನು? ಇದು ಗೊತ್ತಿಲ್ಲದ್ದಕ್ಕೇ ಗಂಡಸರು ಪರೀಕ್ಷೆಗೆ ಹೆದರುವುದು, ಕೆಟ್ಟದ್ದು ಬಂದರೆ ಅಲ್ಲಿಗೆ ಮುಗೀತು ಅಂತ. ಮುಗಿಯುವುದಿಲ್ಲ. ಡಾಕ್ಟ್ರು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಬೀಜದ ಮೇಲಿನ ರಕ್ತನಾಳ ಉಬ್ಬಿ ಹುಳದ ಗಂಟಿನಂತಾಗುವ ವೆರಿಕೋಸೀಲು ಸಾಮಾನ್ಯ ಗಂಡಸರಲ್ಲಿ ನೂರಕ್ಕೆ 15ರಷ್ಟು ಜನಕ್ಕೆ ಇರುತ್ತದೆ, ಮಕ್ಕಳಾಗದ ಗಂಡಸರಲ್ಲಿ ಇನ್ನೂ ಹೆಚ್ಚು. ಕೈಗೆ ಸಿಗುವಷ್ಟಿದ್ದು ವೀರ್ಯವೂ ಕಡಿಮೆಯಿದ್ದರೆ ಆಪರೇಷನ್ನಿನಿಂದ ಹಲವರಿಗೆ ಸುಧಾರಿಸುತ್ತದೆ. ರಕ್ತದಲ್ಲಿ ಎಫ್‌ಎಸ್‌ಎಚ್, ಟೆಸ್ಟೊಸ್ಟಿರಾನ್ ನೋಡುತ್ತಾರೆ. ಮೆದುಳಿನಿಂದ ಬರಬೇಕಾದ ಹಾರ್ಮೋನು ಬರದಿದ್ದರೆ ಇಂಜೆಕ್ಷನ್ನಿನಿಂದ ಕೊಡಬಹುದು. ದಾರಿ ಕಟ್ಟಿದ್ದರೆ ಬಿಡಿಸಬಹುದು, ಇಲ್ಲವೇ ಬೀಜದಿಂದಲೇ ವೀರ್ಯಾಣು ತೆಗೆಯಬಹುದು. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ಇಕ್ಸಿ ವಿಧಾನದಿಂದ ಬಸಿರಾದ ಸುದ್ದಿಯನ್ನು ಬೆಲ್ಜಿಯಂನ ವೈದ್ಯರು ಪ್ರಕಟಿಸಿದ್ದು 1992ರಲ್ಲಿ. ಈಗ ಹುಬ್ಬಳ್ಳಿ, ಮಣಿಪಾಲದಲ್ಲೂ ಅದು ಹೊಸದಲ್ಲ. ಎಲ್ಲರಿಗೂ ಫಲ ಸಿಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಕೆಲವರಿಗೆ ಬೀಜದಲ್ಲೇ ತಯಾರಿ ಇರುವುದಿಲ್ಲ. ಅವರಿಗೂ ಬೇಗ ಗೊತ್ತಾದರೆ ದತ್ತು, ದಾನಿ ವೀರ್ಯ, ಇಬ್ಬರೇ ಇರುವುದು, ಯಾವುದನ್ನಾದರೂ ನೆಮ್ಮದಿಯಿಂದ ಯೋಚಿಸಲು ಸಮಯ ಸಿಗುತ್ತದೆ.

ದುಡ್ಡಿಲ್ಲದೆ ಮಾಡಬಹುದಾದ್ದೂ ಇದೆ. ಕವಳದ ಜೊತೆ ಹೊಗೆಸೊಪ್ಪು ಬಿಡುವುದು, ಬೀಡಿ ಸಿಗರೇಟು ಬಿಡುವುದು, ಕುಡಿತ ಇಳಿಸುವುದು. ತಂಬಾಕು ಜಗಿಯುವುದು ಜಾಸ್ತಿಯಾದಷ್ಟೂ ವೀರ್ಯದ ಗುಣ ಇಳಿದಿದ್ದನ್ನು ನಮ್ಮ ದೇಶದ ಗಂಡಸರಲ್ಲೇ ಅಧ್ಯಯನ ಮಾಡಿ ತೋರಿಸಿದ್ದಾರೆ. ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು: ಮೈ ಬೆಳೆಯಲಿ ಅಂತ ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಂಡರೆ ವೀರ್ಯಾಣು ಜಾಸ್ತಿಯಾಗುವುದಿಲ್ಲ, ನಿಂತೇಹೋಗಬಹುದು. ಹೊರಗಿನಿಂದ ಬಂದರೆ ಮೈಯೊಳಗಿನ ಕಾರ್ಖಾನೆ ಬಾಗಿಲು ಹಾಕುತ್ತದೆ.

ಡಾಕ್ಟ್ರ ಹತ್ತಿರ ಹೋಗಲು ನಾಚುವ ಇದೇ ಗಂಡಸು ಎಲ್ಲಿಗೆ ಹೋಗುತ್ತಾನೆ ಗೊತ್ತಾ? ಬಸ್ ಸ್ಟ್ಯಾಂಡಿನ ಮೂತ್ರಿಖಾನೆಯ ಗೋಡೆಗೆ. ಅಲ್ಲಿ ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ "ಗುಪ್ತರೋಗ, ಧಾತುನಷ್ಟ, ನರದೌರ್ಬಲ್ಯ, ಖಚಿತ ಪರಿಹಾರ" ಅಂತ ಇರುತ್ತದಲ್ಲ, ಅದರ ಕೆಳಗಿನ ಫೋನ್ ನಂಬರಿಗೆ. ಲಾಡ್ಜಿನ ರೂಮಿಗೆ, ರಸ್ತೆ ಬದಿಯ ಡೇರೆಗೆ. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಅನ್ನುವ ಸುಳ್ಳೇ ಈ ವ್ಯಾಪಾರದ ಬಂಡವಾಳ. ಸ್ವಪ್ನಸ್ಖಲನ ರೋಗ ಅಲ್ಲ, ಹಸ್ತಮೈಥುನದಿಂದ ನರ ಬತ್ತುವುದಿಲ್ಲ. ಧಾತು ಹೋಯಿತು ಅಂತ ಕೊರಗಿ ಸೊರಗುವುದಕ್ಕೆ ಡಾ. ಎನ್. ಎನ್. ವಿಗ್ ಅನ್ನುವ ಮನೋವೈದ್ಯರು 1960ರಲ್ಲೇ "ಧಾತ್ ಸಿಂಡ್ರೋಮ್" ಅಂತ ಹೆಸರಿಟ್ಟರು. ರೋಗ ಇರುವುದು ಧಾತುವಿನಲ್ಲಲ್ಲ, ಹೆದರಿಕೆಯಲ್ಲಿ ಅಂತ. ಅಷ್ಟು ವರ್ಷ ಕಳೆದರೂ ಗೋಡೆಯ ಕಾಗದ ಹರಿದಿಲ್ಲ.

ಓದಿದವರು ಹೋಗುವುದಿಲ್ಲ ಅಂದುಕೊಂಡಿರಾ? 2025ರ ನವೆಂಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ದೂರು ಕೊಟ್ಟಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ರಸ್ತೆ ಬದಿಯ ಡೇರೆ ನೋಡಿ ಲೈಂಗಿಕ ಸಮಸ್ಯೆಗೆ ಔಷಧಿ ಕೇಳಲು ಹೋದವನು. ಗ್ರಾಮಿಗೆ 1.6 ಲಕ್ಷ ರೂಪಾಯಿಯ ಬೂಟಿ. ಅದೂ ಇದೂ ಸೇರಿ ಒಟ್ಟು ಕಳೆದುಕೊಂಡಿದ್ದು ಸುಮಾರು 48 ಲಕ್ಷ, ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು ಬಿತ್ತು ಅಂತ ದೂರಿನಲ್ಲಿತ್ತು. ಇಂಥ "ಗಿಡಮೂಲಿಕೆ" ಗುಳಿಗೆಗಳಲ್ಲಿ ಯಾರಿಗೂ ಹೇಳದೆ ಸಿಲ್ಡೆನಾಫಿಲ್ ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಪದೇ ಪದೇ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಅಡಿ ಇಡುವ ಮಾತ್ರೆ ತಗೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ನಿಮಿರುವಿಕೆಯ ತೊಂದರೆ ನಿಜಕ್ಕೂ ಇದ್ದರೆ ಅದನ್ನು ಮುಚ್ಚಿಡುವುದು ಇನ್ನೂ ಅಪಾಯ. ಅಲ್ಲಿನ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಕಟ್ಟಿಕೊಂಡರೆ ಮೊದಲು ಗೊತ್ತಾಗುವುದು ಅಲ್ಲೇ. ನಲವತ್ತರ ಆಸುಪಾಸಿನಲ್ಲಿ ಹೊಸದಾಗಿ ಈ ತೊಂದರೆ ಬಂದರೆ ಶುಗರ್, ಬಿಪಿ, ಕೊಲೆಸ್ಟರಾಲ್ ನೋಡಿಸಬೇಕು. ಕೆಲವರಿಗೆ ಎದೆನೋವಿಗಿಂತ ವರ್ಷಗಳ ಮೊದಲೇ ಬರುವ ಎಚ್ಚರಿಕೆ ಅದು. ಡೇರೆಯವನು ಶುಗರ್ ನೋಡುತ್ತಾನೆಯೇ?

ಈ ಗೋಡೆಬರಹಗಳನ್ನು ತಡೆಯಲು ಕಾನೂನು ಇಲ್ಲದೆ ಇಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಅಂತಿದೆ. 2024ರಲ್ಲಿ ಪತಂಜಲಿ ಜಾಹೀರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಚರ್ಚೆಗೆ ಬಂದಿದ್ದು ಇದೇ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದು ಇದರಡಿ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಔಷಧಿಯ ಜಾಹೀರಾತು ಹಾಕಬಾರದ 54 ಕಾಯಿಲೆಗಳ ಪಟ್ಟಿ ಅದರ ಕೊನೆಯಲ್ಲಿದೆ. ಓದಿ ನೋಡಿ. "ಹೆಂಗಸರ ಬಂಜೆತನ" ಅಂತ ಇದೆ. ಗಂಡಸರ ಬಂಜೆತನ ಅನ್ನುವ ಮಾತೇ ಇಲ್ಲ! ಷಂಡತನ ಇದೆ, ಗಂಡಸಿನ ಬಂಜೆತನ ಇಲ್ಲ. ಕಾಯ್ದೆ ಬರೆದವರಿಗೂ ಬಂಜೆತನ ಅಂದರೆ ಹೆಂಗಸಿನದ್ದೇ. ಬಂಜೆ ಅನ್ನುವ ಶಬ್ದಕ್ಕೆ ನಮ್ಮ ಮಾತಿನಲ್ಲಿ ಗಂಡುರೂಪ ಯಾವುದು ಹೇಳಿ ನೋಡೋಣ?

"ಇದೆಲ್ಲ ನಮ್ಮ ಸಂಸ್ಕೃತಿಯಲ್ಲಿ ಬಾಯಿಬಿಟ್ಟು ಹೇಳುವ ವಿಷಯ ಅಲ್ಲ" ಅನ್ನುವವರು ಬರುತ್ತಾರೆ. ಅವರಿಗೆ ನನ್ನ ಉತ್ತರ: ರಾತ್ರಿಯಿಡೀ ಯಕ್ಷಗಾನ ನೋಡುವ, ತಾಳಮದ್ದಲೆ ಕೇಳುವ ಊರು ನಮ್ಮದು. ಮಹಾಭಾರತದ ವಂಶ ಮುಂದುವರಿದಿದ್ದು ಹೇಗೆ? ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ ಅಂತ ವ್ಯಾಸರು ಮುಚ್ಚಿಡಲಿಲ್ಲ. ಪಾಂಡುವಿಗೆ ಆಗುವುದಿಲ್ಲ ಅಂತಲೂ ಮುಚ್ಚಿಡಲಿಲ್ಲ, ಕುಂತಿಗೆ ದಾರಿ ಹುಡುಕು ಅಂತ ಅವನೇ ಹೇಳಿದ. ದಶರಥ ಮಕ್ಕಳಿಲ್ಲ ಅಂತ ಯಾಗಕ್ಕೆ ತಾನೇ ಕೂತ (ಪಾಯಸ ಕುಡಿದಿದ್ದು ಮಾತ್ರ ರಾಣಿಯರು, ಆ ಕಾಲಕ್ಕೂ ಔಷಧಿ ಹೆಂಗಸಿಗೇ ನೋಡಿ :)). ರಾಜರು ಒಪ್ಪಿಕೊಂಡಿದ್ದನ್ನು ಒಪ್ಪಿಕೊಳ್ಳಲು ನಮ್ಮ ಮಾಣಿಗೆ ಎಂಥದ್ದು ಅಡ್ಡಿ? ಇನ್ನು ಪುಸ್ತಕದ ವಿಷಯ. ಅನುಪಮಾ ನಿರಂಜನ ಅವರ "ವಧುವಿಗೆ ಕಿವಿಮಾತು" ನಮ್ಮ ಮನೆಯ ಅಟ್ಟದಲ್ಲೂ ಇತ್ತು, ಅಕ್ಕನ ಮದುವೆಯಲ್ಲಿ ಉಡುಗೊರೆ ಬಂದಿದ್ದು. ಒಳ್ಳೆಯ ಪುಸ್ತಕ. ಭಾವನಿಗೆ ಬಂದ ಉಡುಗೊರೆ ಗೋಡೆ ಗಡಿಯಾರ.

"ಲ್ಯಾಬಿನವರು, ಐವಿಎಫ್‌ನವರು ದುಡ್ಡು ಮಾಡಲು ಹೀಗೆ ಹೇಳುತ್ತಾರೆ" ಅನ್ನುವ ವಾದವೂ ಇದೆ. ಇದನ್ನು ತಳ್ಳಿಹಾಕಲಾರೆ. ದೊಡ್ಡ ಪೇಟೆಗಳಲ್ಲಿ ಮಗುವಿನ ಫೋಟೋ ಹಾಕಿದ ಜಾಹೀರಾತು ಕಂಡಾಗ ನನಗೂ ಅನುಮಾನ ಬರುತ್ತದೆ. ಆದರೆ ದುಡ್ಡು ಉಳಿಸಬೇಕೆಂದರೆ ಮೊದಲು ಅಗ್ಗದ ಪರೀಕ್ಷೆ ಮಾಡಿಸಿ, ಅದು ನನ್ನ ವಾದವೇ. ಖಾಸಗಿಯವರು ಸುಲಿಯುತ್ತಾರೆ ಅಂದರೆ ಸರ್ಕಾರ ಮಾಡಲಿ. ನಮ್ಮ ಜಿಲ್ಲೆಗೆ ತಾಗಿಕೊಂಡೇ ಇರುವ ಗೋವಾದಲ್ಲಿ 2023ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ಉಚಿತ ಐವಿಎಫ್ ಶುರು ಮಾಡಿದರು.

ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ, ಮತ್ತೆ 2022ರಲ್ಲಿ ನಾವೆಲ್ಲ ಇಂಟರ್ನೆಟ್ಟಿನಲ್ಲಿ ಕೂಗಿದ್ದೆವು. ಬೇಕು, ಎರಡು ಮಾತಿಲ್ಲ. ಆದರೆ ಈ ವಿಷಯಕ್ಕೆ ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ:

1. ಮೂರೂ ತಾಲೂಕು ಆಸ್ಪತ್ರೆಗಳಲ್ಲಿ ಒಂದು ಚಿಕ್ಕ ಕೋಣೆ, ಒಂದು ನಲ್ಲಿ, ಒಳಗಿನಿಂದ ಗಟ್ಟಿಯಾಗಿ ಕೂರುವ ಒಂದು ಚಿಲಕ. ಪಕ್ಕದಲ್ಲೇ ಸೂಕ್ಷ್ಮದರ್ಶಕ, ನೋಡಲು ತರಬೇತಾದ ಒಬ್ಬರು. ಯಲ್ಲಾಪುರದವನ ಡಬ್ಬಿ ಶಿರಸಿಯ ಬಸ್ಸು ಹತ್ತಬಾರದು.

2. ತಿಂಗಳಿಗೆ ಎರಡು ದಿನವಾದರೂ ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಮೂತ್ರಾಂಗ ತಜ್ಞರೊಬ್ಬರು ಬಂದು ಕೂರಲಿ. ಬಾಗಿಲ ಮೇಲೆ "ಗುಪ್ತರೋಗ" ಅಂತ ಬೋರ್ಡು ಬೇಡ, ಡಾಕ್ಟ್ರ ಹೆಸರು ಸಾಕು.

3. ಹೆರಿಗೆ ಡಾಕ್ಟ್ರುಗಳಲ್ಲಿ ಕೈ ಮುಗಿದು ಕೇಳುವುದು: ಮೊದಲ ಭೇಟಿಯಲ್ಲೇ "ಗಂಡನ ರಿಪೋರ್ಟು ಎಲ್ಲಿ?" ಅಂತ ಕೇಳಿ. ಇಲ್ಲದಿದ್ದರೆ ಹೆಂಡತಿಯನ್ನು ಎಕ್ಸ್‌ರೇಗೆ ಕಳಿಸಬೇಡಿ. ನೀವು ಕೇಳಿದರೆ ತರುತ್ತಾರೆ. ಹೆಂಡತಿ ಕೇಳಿದರೆ ಜಗಳ ಆಗುತ್ತದೆ.

4. ಮೂತ್ರಿಖಾನೆ ಗೋಡೆಯ ಕಾಗದವನ್ನು ಪಟ್ಟಣ ಪಂಚಾಯ್ತಿ, ನಗರಸಭೆಯವರು ಕೀಳಲಿ. ಕೀಳದಿದ್ದರೆ ಫೋಟೋ ಹೊಡೆದು 1954ರ ಕಾಯ್ದೆಯ ಹೆಸರು ಹಾಕಿ ದೂರು ಬರೆಯೋಣ.

ಕೊನೆಯದಾಗಿ ನಿಮಗೆ, ಕನ್ನಡದಲ್ಲಿ ಬರೆಯುವ ಗೆಳೆಯರಿಗೆ. ನಮ್ಮಲ್ಲಿ ಎಷ್ಟು ಚೆನ್ನಾಗಿ ಬರೆಯುವವರಿದ್ದಾರೆ! ಮಳೆಯ ಬಗ್ಗೆ, ಅಜ್ಜನ ಮನೆಯ ಬಗ್ಗೆ, ಮೊದಲ ಪ್ರೀತಿಯ ಬಗ್ಗೆ. ಮಕ್ಕಳಿಲ್ಲದ ಅತ್ತಿಗೆಯ ಕಣ್ಣೀರಿನ ಬಗ್ಗೆ ಎಷ್ಟೊಂದು ಕತೆ ಓದಿದ್ದೇವೆ, ಅತ್ತಿದ್ದೇವೆ. ಆ ಕತೆಗಳಲ್ಲಿ ಅಣ್ಣ ಎಲ್ಲಿದ್ದಾನೆ? ಜಗಲಿಯಲ್ಲಿ ಕವಳ ಹಾಕುತ್ತ ಕೂತಿರುತ್ತಾನೆ. ಅವನನ್ನೂ ಕತೆಯೊಳಗೆ ಕರೆಯಿರಿ. ಅವನ ಹೆದರಿಕೆ ಬರೆಯಿರಿ, ಖಾಲಿ ಡಬ್ಬಿ ವಾಪಸ್ ಕೊಟ್ಟು ತಲೆ ತಗ್ಗಿಸಿ ಹೋದವನ ಬಗ್ಗೆ ಬರೆಯಿರಿ. ಮಕ್ಕಳಾಗದಿರುವುದು ಗಂಡಸಿಗೂ ಆಗುವ ಒಂದು ಸಂಗತಿ, ಅವಮಾನ ಅಲ್ಲ ಅನ್ನುವುದನ್ನು ಹೇಳಲು ಡಾಕ್ಟ್ರೇ ಆಗಬೇಕಿಲ್ಲ.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಮಕ್ಕಳಿಲ್ಲ ಅಂತ ಮಾತು ಬಂದಾಗ, ಯಾರಾದರೂ "ಪಾಪ, ಅದಕ್ಕೆ ಎಂಥದೋ ತೊಂದ್ರೆಯಡ" ಅಂತ ಹೆಂಗಸಿನ ಕಡೆ ಬೆರಳು ತೋರಿಸಿದಾಗ, ಸುಮ್ಮನೆ ಒಂದು ಪ್ರಶ್ನೆ ಕೇಳಿ. ಜೋರಾಗಿ ಬೇಡ, ಮಾಮೂಲಿ ದನಿಯಲ್ಲೇ. ಗಂಡನ ರಿಪೋರ್ಟು ಎಲ್ಲಿ?